ಕರೂಸೋ ಹಾಡಿಗೆ ಶ್ರುತಿ ಹುಡುಕಿದ್ದು

ಸಾಫ್ಟ್‌ವೇರ್ ಇಟಲಿಯ ಗಾಯಕ ಕರೂಸೋನ ಹಳೇ ಹಾಡಿನ ಶ್ರುತಿ 10ಎ ಎಂದಿತು. ಅಂದರೆ ಬಿ ಮೈನರ್. ನಾನು ನಂಬಿದೆ. ಎರಡು ದಿನ ಕೂತು ಬಿ ಮೈನರ್‌ನಲ್ಲೇ ಪ್ಯಾಡ್ (ಹಿಂದೆ ಒಂದೇ ಸಮ ಹರಡಿರುವ ನಾದ), ಬೇಸ್ (ತಗ್ಗಿನ ನಾದ) ಎಲ್ಲಾ ಕಟ್ಟಿದೆ. ಅದರ ಮೇಲೆ ಹಾಡು ಇಟ್ಟ ಕೂಡಲೇ ಹಲ್ಲು ಜುಮ್ಮೆಂದಿತು. ತೀರಾ ಅಪಸ್ವರ ಅಂತ ಅಲ್ಲ. ಶ್ರುತಿ ಕೂಡದ ತಂಬೂರಿ ಪಕ್ಕದಲ್ಲಿ ಕೂತ ಹಾಗೆ.

ಹಾಡು ಇಟಲಿಯ ಸಂಗೀತಗಾರ ಡೊನಿಜೆಟ್ಟಿಯ ‘ಲೆಲಿಸಿರ್ ದಾಮೋರೆ’ ಒಪೆರಾದ್ದು, ‘ಉನಾ ಫುರ್ತಿವಾ ಲಾಗ್ರಿಮಾ’. ಒಪೆರಾ ಮೊದಲು ರಂಗಕ್ಕೆ ಬಂದದ್ದು 1832ರಲ್ಲಿ, ಮಿಲಾನ್‌ನಲ್ಲಿ. ನೆಮೊರಿನೊ ಎಂಬ ಬಡ ಹುಡುಗ ತಾನು ಮೆಚ್ಚಿದವಳ ಕಣ್ಣಲ್ಲಿ ಒಂದು ಹನಿ ನೀರು ಕಂಡು ಹಾಡುವ ಹಾಡು. ನನ್ನ ಹತ್ತಿರ ಇದ್ದದ್ದು ಎನ್ರಿಕೊ ಕರೂಸೋ 1911ರಲ್ಲಿ ವಿಕ್ಟರ್ ಕಂಪನಿಗೆ ಆರ್ಕೆಸ್ಟ್ರಾ ಜೊತೆ ಹಾಡಿದ್ದು. ನಮ್ಮಲ್ಲಿ ಧ್ವನಿಮುದ್ರಣದ ಹಕ್ಕು 60 ವರ್ಷಕ್ಕೆ ಮುಗಿಯುತ್ತದೆ, ಹಾಗಾಗಿ ಆ ಚಿಂತೆ ಇರಲಿಲ್ಲ. ಪರಿಚಯದ ನೃತ್ಯಗಾರ್ತಿಯೊಬ್ಬಳಿಗೆ ಒಂಬತ್ತು ನಿಮಿಷದ ಸಂಗೀತ ಬೇಕಿತ್ತು. ಮೊದಲರ್ಧ ಈ ಹಾಡು, ಉಳಿದರ್ಧ ನಾನು ಮಾಡಿದ್ದು.

ಇನ್ನೊಂದು ಸಾಫ್ಟ್‌ವೇರ್‌ಗೆ ಹಾಕಿದರೆ ಅದು 3ಎ ಎಂದಿತು, ಬಿ ಫ್ಲಾಟ್ ಮೈನರ್. ಡಿಜೆಗಳು ಬಳಸುವ ಕ್ಯಾಮೆಲಾಟ್ ಚಕ್ರ ಗಡಿಯಾರದ ಹಾಗೆ. 12 ಅಂಕಿ, ಅಂಕಿಯ ಮುಂದೆ ಎ ಇದ್ದರೆ ಮೈನರ್, ಬಿ ಇದ್ದರೆ ಮೇಜರ್. ಒಂದೇ ಅಂಕಿಯ ಎ ಮತ್ತು ಬಿ ಕೂಡುತ್ತವೆ, ಅಕ್ಕಪಕ್ಕದ ಅಂಕಿಗಳೂ ಕೂಡುತ್ತವೆ. ಆದರೆ ಈ ಹಾಡು 3ಎಯ ಬಿ ಫ್ಲಾಟ್‌ಗೂ 10ಎಯ ಬಿಗೂ ನಡುವೆ ಎಲ್ಲೋ ನೇತಾಡುತ್ತಿತ್ತು. ಆಗ ಮನೆಯ ಹಾರ್ಮೋನಿಯಂ ತೆಗೆದೆ. ಕಪ್ಪು ಐದು, ಅಂದರೆ ಬಿ ಫ್ಲಾಟ್, ಒತ್ತಿ ಹಿಡಿದು ಹಾಡು ಹಾಕಿದೆ. ಕರೂಸೋ ದನಿ ಷಡ್ಜದ ಮೇಲೆ ನಿಂತಾಗ ಸ್ವಲ್ಪ ಮೇಲಿತ್ತು. ಟ್ಯೂನರ್‌ನಲ್ಲಿ ಅಳೆದರೆ ಸುಮಾರು 45 ಸೆಂಟ್. ಬಿ ಫ್ಲಾಟ್‌ನಿಂದ ಮುಂದಿನ ಸ್ವರಸ್ಥಾನ ಬಿಗೆ 100 ಸೆಂಟ್. ಅರ್ಧ ಸ್ವರಸ್ಥಾನಕ್ಕೆ ಐದೇ ಸೆಂಟ್ ಕಡಿಮೆ. ಸಾಫ್ಟ್‌ವೇರ್‌ಗಳಿಗೆ ಗೊಂದಲ ಆಗಿದ್ದು ಅದಕ್ಕೇ.

ಆ ಕಾಲದ ತಟ್ಟೆಗಳನ್ನು ನಿಮಿಷಕ್ಕೆ 78 ಸುತ್ತಿನವು ಎನ್ನುತ್ತೇವೆ, ಆದರೆ ಕೊರೆಯುವಾಗ ಎಲ್ಲವೂ ಅದೇ ವೇಗದಲ್ಲಿ ತಿರುಗುತ್ತಿರಲಿಲ್ಲ. 76ರಲ್ಲಿ ಕೊರೆದದ್ದನ್ನು 78ರಲ್ಲಿ ತಿರುಗಿಸಿದರೆ ಶ್ರುತಿ ಸರಿಯಾಗಿ 45 ಸೆಂಟ್ ಏರುತ್ತದೆ. ಸ್ವರಲಿಪಿಯಲ್ಲೂ ಹಾಡು ಇರುವುದು ಬಿ ಫ್ಲಾಟ್ ಮೈನರ್‌ನಲ್ಲೇ. ಹಾಗಾಗಿ ಅದನ್ನೇ ಹಿಡಿದೆ.

ಇಲ್ಲಿ ವೇಗ ಹಾಗೇ ಇಟ್ಟು ಬರೀ ಶ್ರುತಿ ಇಳಿಸಬಾರದು. ತಪ್ಪಿರುವುದು ವೇಗ, ಅದರ ಜೊತೆಗೇ ಶ್ರುತಿ ಏರಿದೆ. ಎರಡನ್ನೂ ಒಟ್ಟಿಗೆ, ತಟ್ಟೆಯನ್ನೇ ನಿಧಾನ ಮಾಡಿದ ಹಾಗೆ ಇಳಿಸಬೇಕು. 97.4%ಗೆ ಇಳಿಸಿದೆ. ಹಾಡು ಏಳು ಸೆಕೆಂಡಿನಷ್ಟು ಉದ್ದವಾಯಿತು. ದನಿಗೆ ಎದೆ ಬಂತು. ಅಲ್ಲಿವರೆಗೂ ಕೇಳಿದ್ದು ಸ್ವಲ್ಪ ಹಿಂಡಿದ ಗಂಟಲು ಅಂತ ಆಗಲೇ ಗೊತ್ತಾದದ್ದು.

ಆಮೇಲೆ ಪ್ಯಾಡ್‌ನ ತಪ್ಪು ಸಿಕ್ಕಿತು. ನಾನು ಹಾಕಿದ್ದು ಸಾದಾ ಮೈನರ್, ನಮ್ಮ ನಟಭೈರವಿಯ ಸ್ವರಗಳು. ಹಾಡಿನ ಮೈನರ್ ಭಾಗದಲ್ಲಿ ಷಡ್ಜಕ್ಕೆ ಮರಳುವ ಕಡೆ ಬರುವುದು ಕೀರವಾಣಿಯ ಕಾಕಲಿ ನಿಷಾದ, ಮೇಲಿನ ನಿ. ನನ್ನ ಪ್ಯಾಡ್ ಅಲ್ಲಿ ಕೈಶಿಕಿ ನಿಷಾದ, ಕೆಳಗಿನ ನಿ, ಹಿಡಿದುಕೊಂಡು ಕೂತಿತ್ತು. ಚಕ್ರದಲ್ಲಿ ಎರಡಕ್ಕೂ 3ಎ ಅಂತಲೇ ಇರುತ್ತದೆ. ಅಂಕಿ ಕೂಡಿದರೆ ಹಾಡು ಕೂಡಿತು ಅಂತಲ್ಲ. ನಿಷಾದವನ್ನೇ ಪ್ಯಾಡ್‌ನಿಂದ ತೆಗೆದುಬಿಟ್ಟೆ.

ಈ ಹಾಡಿನಲ್ಲಿ ನನಗೆ ಬಹಳ ಇಷ್ಟವಾದ ಜಾಗ ಮೊದಲ ಚರಣದ ಕೊನೆ. ‘ಅವಳಿಗೆ ನನ್ನ ಮೇಲೆ ಪ್ರೀತಿ ಇದೆ’ ಎನ್ನುವಾಗ ಹಾಡು ಡಿ ಫ್ಲಾಟ್ ಮೇಜರ್‌ಗೆ ತಿರುಗುತ್ತದೆ. 3ಎ ಇಂದ 3ಬಿ. ನಮ್ಮ ಲೆಕ್ಕದಲ್ಲಿ ಗ್ರಹಭೇದ: ನಟಭೈರವಿಯ ಗಾಂಧಾರವನ್ನೇ ಷಡ್ಜ ಮಾಡಿಕೊಂಡರೆ ಶಂಕರಾಭರಣ. ಎರಡನೇ ಚರಣದಲ್ಲಿ ಮಾತ್ರ ಡೊನಿಜೆಟ್ಟಿ ಷಡ್ಜ ಬಿಡುವುದಿಲ್ಲ. ಅದೇ ಬಿ ಫ್ಲಾಟ್ ಮೇಲೆ ಮೇಜರ್ ತೆರೆಯುತ್ತಾನೆ. 3ಎ ಇಂದ 6ಬಿ. ಚಕ್ರ ನೋಡಿದರೆ ದೂರದ ಜಿಗಿತ. ಕಿವಿಗೆ ಮೋಡ ಸರಿದ ಹಾಗೆ. ಅಲ್ಲಿ ಬೇಸ್ ಕದಲಿಸಲೇ ಇಲ್ಲ, ಗಾಂಧಾರ ಒಂದನ್ನು ಏರಿಸಿದೆ ಅಷ್ಟೇ. ಮೈಕ್ ಬರುವ ಮುಂಚಿನ, ಕೊಳವೆಗೆ ಹಾಡಿದ ರೆಕಾರ್ಡಿಂಗ್ ಇದು. ಅದರಲ್ಲಿ ತಗ್ಗಿನ ನಾದ ಇಲ್ಲವೇ ಇಲ್ಲ ಅನ್ನಬಹುದು. ಹಾಗಾಗಿ ನನ್ನ ಬೇಸ್‌ಗೆ ಜಾಗ ಸಲೀಸಾಗಿ ಸಿಕ್ಕಿತು.

ಲಯದ್ದು ಬೇರೆ ಕಥೆ. ಸಾಫ್ಟ್‌ವೇರ್ 126 ಬಿಪಿಎಂ, ಅಂದರೆ ನಿಮಿಷಕ್ಕೆ 126 ಪೆಟ್ಟು, ಎಂದಿತು. ನಾನು ಕೈಯಲ್ಲಿ ತಟ್ಟಿ ನೋಡಿದರೆ ಅದರ ಅರ್ಧ, 63ರ ಆಸುಪಾಸು. ಅದೂ ಒಂದೇ ಕಡೆ ನಿಲ್ಲದು. ಹಾಡು 6/8, ಆರು ಎಣಿಕೆಯ ನಡೆ. ಮೊದಲು ಪ್ರತಿ ಎಣಿಕೆಯನ್ನೂ ಹಿಡಿದು ಸಮ ಲಯಕ್ಕೆ ಎಳೆದು ಕೂರಿಸಿದೆ. ಎಳೆದ ಕಡೆಯೆಲ್ಲಾ ಕರೂಸೋ ದನಿಯ ಸಹಜ ಕಂಪನವೂ ನಿಧಾನವಾಗಿ ತೂರಾಡತೊಡಗಿತು. ಅದನ್ನು ನೃತ್ಯಗಾರ್ತಿಗೆ ಕಳಿಸಿದೆ. ಫೋನ್ ಮಾಡಿದಳು. “ಅಣ್ಣಾ, ಇದರಲ್ಲಿ ಉಸಿರು ತಗೊಳ್ಳೋಕೇ ಜಾಗ ಇಲ್ವಲ್ಲ. ಮುಂಚೆ ಕಳಿಸಿದ್ರಲ್ಲಾ, ಅದರಲ್ಲಿ ಇತ್ತು.”

ಮುಂಚೆ ಕಳಿಸಿದ್ದು ಏನೂ ಮಾಡದ ಫೈಲು. ಅವಳು ಹೇಳಿದ್ದು ಸರಿ. ಎಳೆದದ್ದೆಲ್ಲಾ ಅಳಿಸಿದೆ. ಸಂಗೀತ ಕಟ್ಟುವ ಸಾಫ್ಟ್‌ವೇರ್ ಏಬಲ್ಟನ್ ಲೈವ್‌ನಲ್ಲಿ ಒಂದು ಕ್ಲಿಪ್ಪನ್ನು ಲೀಡರ್ ಮಾಡಬಹುದು, ಆಗ ಉಳಿದದ್ದೆಲ್ಲಾ ಅದರ ಲಯಕ್ಕೆ ನಡೆಯುತ್ತದೆ. ಕರೂಸೋನನ್ನೇ ಲೀಡರ್ ಮಾಡಿದೆ. ಪ್ರತಿ ಆರು ಎಣಿಕೆಯ ಬಾರ್‌ನ ಮೊದಲ ಪೆಟ್ಟಿಗೆ ಒಂದೇ ಗುರುತು, ನಡುವೆ ಏನೂ ಇಲ್ಲ. ಅವನು ಎಳೆದರೆ ನನ್ನ ಬೇಸ್ ಕಾಯುತ್ತದೆ, ಪಕ್ಕವಾದ್ಯದವರು ಕಾಯುವ ಹಾಗೆ. ಡ್ರಮ್ ಬೇಡವೇ ಬೇಡ ಎಂದು ತೀರ್ಮಾನಿಸಿದೆ. ಕೊನೆಯಲ್ಲಿ ಆರ್ಕೆಸ್ಟ್ರಾ ನಿಂತು ಅವನೊಬ್ಬನೇ ಹಾಡುವಾಗ ನಾನೂ ಎಲ್ಲವನ್ನೂ ನಿಲ್ಲಿಸಿದೆ.

ಎರಡನೇ ಅರ್ಧವನ್ನು ಜಿ ಮೈನರ್‌ನಲ್ಲಿ ಮಾಡಿದ್ದೆ. 6ಬಿ ಇಂದ 6ಎ, ಮತ್ತೆ ಗ್ರಹಭೇದ. ಅದರ ವೇಗ ಎಷ್ಟಿರಬೇಕು ಅಂತ ವಾರವಾದರೂ ಹೊಳೆಯಲಿಲ್ಲ. ಒಂದು ರಾತ್ರಿ ಹಾಡು ಮುಗಿದ ಮೇಲೂ ಫೈಲು ಓಡುತ್ತಿತ್ತು. ತಟ್ಟೆಯ ಅಂಚಿಂದ ನಡುವಿನವರೆಗೆ ಒಂದು ಗೀರು ಇದ್ದಿರಬೇಕು. ಮುಳ್ಳು ಸುತ್ತಿಗೊಮ್ಮೆ ಅದನ್ನು ದಾಟುತ್ತಾ ಟಕ್, ಟಕ್ ಅನ್ನುತ್ತಿತ್ತು. ಎಣಿಸಿದೆ. ವೇಗ ಇಳಿಸಿದ ಫೈಲಿನಲ್ಲಿ ನಿಮಿಷಕ್ಕೆ 76. ಆ ಶಬ್ದವನ್ನು ಹಾಗೇ ಉಳಿಸಿಕೊಂಡೆ. ಕರೂಸೋ ದನಿ ಆರಿದ ಮೇಲೆ ಎಂಟು ಸಲ ಗೀರು ಮಾತ್ರ ಕೇಳುತ್ತದೆ. ಒಂಬತ್ತನೆಯದರ ಮೇಲೆ ನನ್ನ ಜಿ ಮೈನರ್, 76ರಲ್ಲಿ, ಮೆಲ್ಲಗೆ ಶುರುವಾಗುತ್ತದೆ.