ಎಂಜಿನ್ ತಣ್ಣಗಿರುವಾಗ ಹೋಗಿ: ಹಳೆಯ ಸಣ್ಣ ಕಾರು ಕೊಳ್ಳುವ ಬಗೆ

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದವರು ಮೊದಲು ಕೇಳುವುದು ‘ಮೈಲೇಜ್ ಎಷ್ಟು ಕೊಡುತ್ತೆ?’ ಅಂತ. ‘ಇಪ್ಪತ್ತೆರಡಕ್ಕೆ ಮೋಸ ಇಲ್ಲ ಸಾರ್’ ಎಂಬ ಉತ್ತರ ಮಾರುವವರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಅಲ್ಲಿಗೆ ಹೋಗುವ ಮುನ್ನ ಮನೆಯಲ್ಲೇ ಕೂತು ಒಂದು ಲೆಕ್ಕ ಹಾಕಿ. ತಿಂಗಳಿಗೆ 1,000 ಕಿ.ಮೀ. ಓಡಿಸುತ್ತೀರಿ ಅಂದುಕೊಳ್ಳೋಣ. ಲೀಟರಿಗೆ 15 ಕೊಡುವ ಗಾಡಿ ಸುಮಾರು 67 ಲೀಟರ್ ಕುಡಿಯುತ್ತದೆ, 18 ಕೊಡುವುದು 56 ಲೀಟರ್. ಪೆಟ್ರೋಲಿಗೆ ನೂರು ರೂಪಾಯಿ ಎಂದೇ ಹಿಡಿದರೂ ಉಳಿಯುವುದು ತಿಂಗಳಿಗೆ 1,100, ವರ್ಷಕ್ಕೆ ಹದಿಮೂರು ಸಾವಿರ ಚಿಲ್ಲರೆ. ಕಡಿಮೆಯೇನಲ್ಲ. ಆದರೆ ನಾಲ್ಕು ಟೈರು, ಒಂದು ಕ್ಲಚ್ ಸೆಟ್ ಹಾಕಿಸುವ ಪ್ರಸಂಗ ಬಂದರೆ ಆ ಉಳಿತಾಯವೆಲ್ಲ ಗ್ಯಾರೇಜಿಗೆ ಹೋಗಿ, ಮೇಲೆ ಕೈಯಿಂದಲೂ ಹಾಕಬೇಕಾಗುತ್ತದೆ. ಅದಕ್ಕೇ ಮೈಲೇಜಿಗಿಂತ ಮೊದಲು ಗಾಡಿಯ ಆರೋಗ್ಯ ನೋಡಬೇಕು.

ಯಾವ ಗಾಡಿ?

ನನ್ನ ಮಟ್ಟಿಗೆ ಇದು ಬೇಗ ಮುಗಿಯುವ ವಿಚಾರ. ಪೆಟ್ರೋಲ್ ಎಂಜಿನ್, ಮ್ಯಾನ್ಯುಯಲ್ ಗೇರು, ನಿಮ್ಮೂರಿನ ಮೆಕ್ಯಾನಿಕ್ ಕಣ್ಣು ಮುಚ್ಚಿ ಬಿಚ್ಚಬಲ್ಲ ಮಾಡೆಲ್ಲು. ಮಾರುತಿಯ ವ್ಯಾಗನ್ ಆರ್, ಸ್ವಿಫ್ಟ್, ಹ್ಯುಂಡೈನ ಗ್ರ್ಯಾಂಡ್ ಐ10 ಈ ಸಾಲಿಗೆ ಬರುತ್ತವೆ. ಮಾರುತಿಯ ಕೆ ಸರಣಿ ಮತ್ತು ಹ್ಯುಂಡೈನ ಕಪ್ಪಾ ಪೆಟ್ರೋಲ್ ಎಂಜಿನ್‌ಗಳಲ್ಲಿ ಟೈಮಿಂಗ್ ಬೆಲ್ಟ್ (ಎಂಜಿನ್ನಿನ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ಆಡಿಸುವ ಪಟ್ಟಿ) ಇಲ್ಲ, ಚೈನ್ ಇದೆ. ಹಾಗಾಗಿ ಇಷ್ಟು ಕಿಲೋಮೀಟರಿಗೊಮ್ಮೆ ಬೆಲ್ಟ್ ಬದಲಿಸುವ ಖರ್ಚಿಲ್ಲ. ಫೋರ್ಡ್ ಫಿಗೊ ಓಡಿಸಲು ಸೊಗಸು, ಬೆಲೆಯೂ ಇಳಿದಿರುತ್ತದೆ. ಆದರೆ ಕಂಪನಿ 2021ರಲ್ಲೇ ಇಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಬೆಂಗಳೂರಿನಲ್ಲಿ ಇರುವವರಿಗೆ ಪರವಾಗಿಲ್ಲ, ಯಾದಗಿರಿಯಲ್ಲಿ ಕೂತು ಬಿಡಿಭಾಗಕ್ಕೆ ಕಾಯುವವರು ಯೋಚಿಸಬೇಕು.

ಡೀಸೆಲ್ ಆಸೆ ಬೇಡ. ದಿನಕ್ಕೆ ಹತ್ತು ಹದಿನೈದು ಕಿ.ಮೀ. ಓಡಿಸುವವರಿಗೆ ಅದು ಲೆಕ್ಕಕ್ಕೆ ಕೂಡುವುದಿಲ್ಲ.

ಇಸವಿ ಮಾತ್ರ ಗಮನಿಸಿ. ಕಾರುಗಳಿಗೆ ಎಬಿಎಸ್ ಬ್ರೇಕ್ (ಜೋರಾಗಿ ಒತ್ತಿದರೂ ಚಕ್ರ ಕಚ್ಚಿಕೊಳ್ಳದಂತೆ ತಡೆಯುವಂಥದ್ದು) ಮತ್ತು ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರಲ್ಲಿ. ಪಕ್ಕದ ಸೀಟಿಗೂ ಏರ್‌ಬ್ಯಾಗ್ ಕಡ್ಡಾಯವಾದದ್ದು 2022ರ ಜನವರಿಯಿಂದ. ಅದಕ್ಕಿಂತ ಹಳೆಯ ಗಾಡಿಯಾದರೆ ಯಾವುದು ಇದೆ, ಯಾವುದು ಇಲ್ಲ ಎಂದು ಕೇಳಿಕೊಳ್ಳಿ.

ನೋಡಲು ಹೋಗುವ ಹೊತ್ತು

ಬೆಳಿಗ್ಗೆಯೇ ಹೋಗಿ. ‘ನಾನು ಬಂದ ಮೇಲೆ ಸ್ಟಾರ್ಟ್ ಮಾಡಿ’ ಎಂದು ಮೊದಲೇ ಹೇಳಿಡಿ. ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಡಿ. ಬಿಸಿಯಾಗಿದ್ದರೆ ಅವರು ಏನನ್ನೋ ಮುಚ್ಚಿಡಲು ಮೊದಲೇ ಓಡಿಸಿಟ್ಟಿದ್ದಾರೆ ಎಂದು ಅನುಮಾನಪಡಬಹುದು. ತಣ್ಣಗಿದ್ದಾಗಲೇ ಆಯಿಲ್ ಮುಚ್ಚಳ ತೆಗೆದು ಒಳಭಾಗ ನೋಡಿ. ಹಾಲಿನ ಕೆನೆಯಂಥ ಬಿಳಿ ಪದರವಿದ್ದರೆ ಆಯಿಲಿಗೆ ನೀರು ಬೆರೆತಿರುವ ಸಾಧ್ಯತೆಯಿದೆ, ಆ ಗಾಡಿ ಬಿಟ್ಟುಬಿಡಿ. ಇನ್ನು ಸೈಲೆನ್ಸರ್ ಹೊಗೆ. ನೀಲಿಯಾದರೆ ಎಂಜಿನ್ ಆಯಿಲ್ ಸುಡುತ್ತಿದೆ, ಕಪ್ಪಾದರೆ ಪೆಟ್ರೋಲ್ ಹೆಚ್ಚು ಸುಡುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಎಂಜಿನ್ ತಣಿಸುವ ದ್ರವ, ಅಂದರೆ ಕೂಲೆಂಟ್, ಒಳಗೆ ಹೋಗುತ್ತಿದೆ.

ಕೀ ತಿರುಗಿಸಿದಾಗ ‘ಚೆಕ್ ಎಂಜಿನ್’ ದೀಪ ಹೊತ್ತಿ, ಸ್ಟಾರ್ಟ್ ಆದ ಮೇಲೆ ಆರಬೇಕು. ಹೊತ್ತಲೇ ಇಲ್ಲವೆಂದರೆ ಖುಷಿಪಡಬೇಡಿ, ಯಾರೋ ಬಲ್ಬಿಗೇ ಮದ್ದು ಮಾಡಿರಬಹುದು.

ಮೀಟರ್ ನಂಬಬೇಡಿ, ಪೆಡಲ್ ನಂಬಿ. ನನ್ನ ಮೊದಲ ಕಾರು ‘ಡಾಕ್ಟರ್ ಓಡಿಸಿದ ಗಾಡಿ, 38 ಸಾವಿರ ಅಷ್ಟೇ’ ಎಂದು ಬಂದದ್ದು. ಬ್ರೇಕ್ ಪೆಡಲಿನ ರಬ್ಬರು ಸವೆದು ನುಣ್ಣಗಾಗಿದ್ದುದು ಕಣ್ಣಿಗೆ ಬಿದ್ದದ್ದು ದುಡ್ಡು ಕೊಟ್ಟು ಒಂದು ವಾರದ ಮೇಲೆ. ಸ್ಟೇರಿಂಗ್, ಗೇರಿನ ಹಿಡಿ, ಚಾಲಕನ ಸೀಟಿನ ಅಂಚು ಸುಳ್ಳು ಹೇಳುವುದಿಲ್ಲ. ಟೈರಿನ ಗೋಡೆಯ ಮೇಲೆ ಡಿಒಟಿ ಗುರುತಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಐದಾರು ವರ್ಷ ಹಳೆಯ ಟೈರು ಹೆಚ್ಚು ಸವೆಯದಿದ್ದರೂ ಬೆಲೆಯಲ್ಲಿ ಕಡಿತ ಕೇಳಲು ನಿಮಗೆ ಕಾರಣವಾಯಿತು.

ಊರಿನ ಗುರುತೂ ಗಾಡಿಯ ಮೈಮೇಲೆ ಇರುತ್ತದೆ. ಕೆಎ–19, ಕೆಎ–20, ಕೆಎ–30 ನಂಬರಿನ ಕರಾವಳಿ ಗಾಡಿಯಾದರೆ ಅಡಿಗೆ ಬಗ್ಗಿ ತುಕ್ಕು ಹುಡುಕಿ. ಮಲೆನಾಡಿನ ಘಾಟಿ ಏರಿಳಿದ ಗಾಡಿಯಾದರೆ ಕ್ಲಚ್ ಮೇಲೆ ಕಣ್ಣಿರಲಿ. ಬೆಂಗಳೂರಿನಲ್ಲಿ 2022ರ ಸೆಪ್ಟೆಂಬರಿನ ಮಳೆಗೆ ಬೇಸ್‌ಮೆಂಟುಗಳಲ್ಲಿ ಮುಳುಗಿದ ಕಾರುಗಳು ಎಷ್ಟೋ! ಅಂಥದ್ದನ್ನು ಹಿಡಿಯಲು ಸೀಟ್ ಬೆಲ್ಟ್ ಪೂರ್ತಿ ಎಳೆದು ಕೊನೆಯಲ್ಲಿ ಕೆಸರಿನ ಕಲೆ ಇದೆಯೇ ನೋಡಿ, ಸ್ಟೆಪ್ನಿ ಎತ್ತಿ ಅದರ ಕುಳಿಯನ್ನೂ ನೋಡಿ. ಕಾರ್ಪೆಟ್ ಕೆಳಗಿನ ಮುಗ್ಗಲು ವಾಸನೆಯನ್ನು ಎಷ್ಟು ಸೆಂಟ್ ಹೊಡೆದರೂ ಮುಚ್ಚಲಾಗದು.

ಓಡಿಸುವಾಗ

ಕನಿಷ್ಠ ಹತ್ತು ಕಿ.ಮೀ. ಓಡಿಸಿ. ಏರಿನಲ್ಲಿ ಎಂಜಿನ್ ಸದ್ದು ಏರುತ್ತದೆ, ವೇಗ ಮಾತ್ರ ಏರುವುದಿಲ್ಲ ಎಂದರೆ ಕ್ಲಚ್ ಜಾರುತ್ತಿದೆ. ನಿಲ್ಲಿಸಿದ ಮೇಲೆ ಇಳಿದು ನಾಲ್ಕೂ ಚಕ್ರದ ಹತ್ತಿರ ಅಂಗೈ ತನ್ನಿ, ಮುಟ್ಟಬೇಡಿ. ಎಡಬಲದಲ್ಲಿ ಒಂದು ಮಾತ್ರ ಹೆಚ್ಚು ಕಾವಾಗಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ. ಮೈಲೇಜ್ ತಿನ್ನುವ ಕಳ್ಳರಲ್ಲಿ ಇದೂ ಒಬ್ಬ, ಗಾಳಿ ಕಡಿಮೆಯಿರುವ ಟೈರು ಇನ್ನೊಬ್ಬ. ಡ್ಯಾಶ್‌ಬೋರ್ಡಿನ ಸರಾಸರಿ ಮೈಲೇಜಿನ ಅಂಕಿಯನ್ನು ಯಾರು ಬೇಕಾದರೂ ಸೊನ್ನೆ ಮಾಡಿ ಹೈವೇಯಲ್ಲಿ ಓಡಿಸಿ ತರಬಹುದು, ಅದಕ್ಕೆ ಬೆಲೆ ಕೊಡಬೇಡಿ.

ಇಷ್ಟವಾದರೆ ಮುಂಗಡ ಕೊಡುವ ಮುನ್ನ ನಿಮ್ಮದೇ ಮೆಕ್ಯಾನಿಕ್ಕನ್ನು ಕರೆದುಕೊಂಡು ಹೋಗಿ, ಅವನ ಕೂಲಿ ಕೊಡಿ. ಮಾರುವವನ ಸ್ನೇಹಿತ ಮೆಕ್ಯಾನಿಕ್ಕು ಲೆಕ್ಕಕ್ಕಿಲ್ಲ. ಕಂಪನಿ ಸರ್ವಿಸ್ ಸೆಂಟರಿನಲ್ಲಿ ಹಳೆಯ ಸರ್ವಿಸ್ ದಾಖಲೆ ತೆಗೆಸಿಕೊಡಲು ಮಾಲೀಕರನ್ನೇ ಕೇಳಿ. ‘ಅದೆಲ್ಲ ಯಾಕೆ ಸಾರ್’ ಎಂದರೆ ಅದೇ ಉತ್ತರ.

ಕಾಗದ

ಸರ್ಕಾರದ ವಾಹನ ದಾಖಲೆಯ ಜಾಲತಾಣ ಪರಿವಾಹನ್‌ನಲ್ಲಿ ನಂಬರ್ ಹಾಕಿ ಗಾಡಿ ಎಷ್ಟನೇ ಮಾಲೀಕರದ್ದು, ವಿಮೆ ಇದೆಯೇ, ಚಲನ್ ಬಾಕಿ ಇದೆಯೇ ನೋಡಿ. ಆರ್‌ಸಿಯ ಚಾಸಿಸ್ ನಂಬರು ಗಾಡಿ ಮೇಲಿನದಕ್ಕೆ ಹೊಂದಬೇಕು. ಗಾಡಿ ಮೇಲೆ ಸಾಲ ಇದ್ದರೆ ಬ್ಯಾಂಕಿನ ಎನ್ಒಸಿ (ನಿರಾಕ್ಷೇಪಣಾ ಪತ್ರ) ಮತ್ತು ಸಾಲದ ಒಪ್ಪಂದ ಮುಗಿಯಿತೆಂಬ ಫಾರಂ 35 ಬೇಕೇ ಬೇಕು. ಮಾಲೀಕತ್ವ ಬದಲಿಸಲು ಫಾರಂ 29, 30. ಬೇರೆ ರಾಜ್ಯದ ಗಾಡಿ ಅಗ್ಗವೆಂದು ತಂದರೆ ಫಾರಂ 28ರ ಎನ್ಒಸಿ, ಇಲ್ಲಿನ ಜೀವಿತಾವಧಿ ತೆರಿಗೆ ಎಲ್ಲ ಸೇರಿ ಅಗ್ಗ ಕರಗಿಹೋಗುತ್ತದೆ. ಮಾರಾಟವನ್ನು ಆರ್‌ಟಿಒಗೆ ತಿಳಿಸಲು ಕೊಂಡವರಿಗೆ 30 ದಿನ, ವಿಮಾ ಕಂಪನಿಗೆ ತಿಳಿಸಲು 14 ದಿನ. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ (ವಿಮೆಯಲ್ಲಿ ಕ್ಲೇಮ್ ಮಾಡದವರಿಗೆ ಸಿಗುವ ರಿಯಾಯಿತಿ) ಅವರ ಜೊತೆಗೇ ಹೋಗುತ್ತದೆ, ಗಾಡಿ ಜೊತೆ ಬರುವುದಿಲ್ಲ.

ಪೂರ್ತಿ ಹಣವನ್ನು ಒಂದೇ ಸಲ ಕೊಡಬೇಡಿ. ಸಹಿ ಮಾಡಿದ ಫಾರಂಗಳು, ಅಸಲಿ ಆರ್‌ಸಿ, ಡೆಲಿವರಿ ನೋಟ್ (ಗಾಡಿ ಒಪ್ಪಿಸಿದ್ದಕ್ಕೆ ಬರೆದ ಚೀಟಿ), ಎರಡನೇ ಕೀ. ಇವು ಕೈಗೆ ಬರುವವರೆಗೆ ಒಂದಿಷ್ಟು ಉಳಿಸಿಕೊಳ್ಳಿ. ಎರಡನೇ ಕೀ ‘ಮನೇಲೆಲ್ಲೋ ಇದೆ’ ಎಂದರೆ ಅದು ಸಿಕ್ಕಿದ ಮೇಲೇ ಮಿಕ್ಕ ದುಡ್ಡು.