ಜಾಹೀರಾತು ಬರೆಯಬೇಕೆ? ಮೊದಲು ಪಂಕ್ಚರ್ ಅಂಗಡಿ ಮುಂದೆ ಕೂತು ಬನ್ನಿ

ಕೆಲಸ ಕೇಳಲು ಹೋಗುವಾಗ ತೋರಿಸುವ ನನ್ನ ಮೊದಲ ಪೋರ್ಟ್‌ಫೋಲಿಯೊದಲ್ಲಿ ನಲವತ್ತು ಪುಟ ಇದ್ದವು. ಕಾರು, ಪರ್ಫ್ಯೂಮ್, ಶೂ, ಎಲ್ಲ ನೆಟ್‌ನಿಂದ ಎತ್ತಿದ ಫೋಟೊಗಳು, ಮೇಲೊಂದು ಇಂಗ್ಲಿಷ್ ಸಾಲು. ಬೆಂಗಳೂರಿನ ಜಾಹೀರಾತು ಏಜೆನ್ಸಿಯೊಂದರ ಕ್ರಿಯೇಟಿವ್ ಡೈರೆಕ್ಟರ್ ಅದನ್ನು ಪರಿಚಯವಿಲ್ಲದವರ ಮದುವೆ ಆಲ್ಬಂನಂತೆ ತಿರುವಿದರು. ಕೊನೆಯ ಪುಟದಲ್ಲಿ ಅರಸೀಕೆರೆಯ ಪಂಕ್ಚರ್ ಅಂಗಡಿಗೆ ನಾನು ಬರೆದುಕೊಟ್ಟ ಬೋರ್ಡಿನ ಫೋಟೊ ಇತ್ತು. ಬೆರಳು ಅಲ್ಲಿ ನಿಂತಿತು. ಕೆಲಸ ಸಿಕ್ಕಿದ್ದು ಆ ಒಂದು ಪುಟಕ್ಕೆ.

ಕಾಪಿ ಅಂದರೆ ಜಾಹೀರಾತಿನ ಬರಹ, ಅದನ್ನು ಬರೆಯುವವರು ಕಾಪಿರೈಟರ್. ‘ಕಾಪಿರೈಟರ್ ಆಗೋಕೆ ಯಾವ ಕೋರ್ಸ್ ಮಾಡಬೇಕು ಮೇಡಂ’ ಎಂದು ಕೇಳುವ ಹುಡುಗ ಹುಡುಗಿಯರಿಗೆ ನಾನು ಆ ಬೋರ್ಡಿನ ಕತೆಯನ್ನೇ ಹೇಳುತ್ತೇನೆ. ಕೋರ್ಸ್ ಮಾಡಿದರೆ ಒಳ್ಳೆಯದೇ, ಮಾಡದಿದ್ದರೂ ನಡೆಯುತ್ತದೆ. ನಾನು ಓದಿದ್ದು ಬಿ.ಕಾಂ.

ಆ ಅಂಗಡಿಗೆ ಮೊದಲು ನಾನು ಬರೆದದ್ದೆಲ್ಲ ‘ವೇಗದ ಸೇವೆ, ಕಡಿಮೆ ಬೆಲೆ’ ಜಾತಿಯ ಸಾಲುಗಳು. ಎಲ್ಲರಿಗೂ ಮೊದಲ ಹತ್ತು ಹಾಗೇ ಬರುತ್ತವೆ, ಬರಲಿ ಬಿಡಿ. ಆಮೇಲೆ ಬೇಸರವಾಗಿ ಅಂಗಡಿ ಮುಂದಿನ ಕಲ್ಲುಬೆಂಚಿನ ಮೇಲೆ ಎರಡು ಗಂಟೆ ಕೂತೆ. ಬಂದವರೆಲ್ಲ ಬೆವರು ಸುರಿಸುತ್ತ ಗಾಡಿ ತಳ್ಳಿಕೊಂಡು ಬರುತ್ತಿದ್ದರು, ಹೋಗುವಾಗ ಹಿಂತಿರುಗಿಯೂ ನೋಡದೆ ಓಡಿಸಿಕೊಂಡು ಹೋಗುತ್ತಿದ್ದರು. ಸಾಲು ಅಲ್ಲೇ ಇತ್ತು: ‘ತಳ್ಳಿಕೊಂಡು ಬನ್ನಿ, ಓಡಿಸಿಕೊಂಡು ಹೋಗಿ.’ ಇನ್ನೊಂದು ಪುಟ್ಟ ತಗಡನ್ನು ರಸ್ತೆಯಲ್ಲಿ ಹಿಂದೆ, ಹಾಲಿನ ಡೇರಿ ಹತ್ತಿರ ನಿಲ್ಲಿಸಿದೆವು: ‘ಇನ್ನು ಇನ್ನೂರು ಹೆಜ್ಜೆ ತಳ್ಳಿ ಸಾಕು.’ ಸಾಲಿಗಿಂತ ಅದನ್ನು ನಿಲ್ಲಿಸಿದ ಜಾಗವೇ ದೊಡ್ಡ ಐಡಿಯಾ ಅಂತ ನನಗೆ ಅರ್ಥವಾಗಿದ್ದು ಕೆಲಸಕ್ಕೆ ಸೇರಿ ಎರಡು ವರ್ಷ ಆದಮೇಲೆ.

ನೀವೂ ನಿಮ್ಮ ಬೀದಿಯಿಂದಲೇ ಶುರುಮಾಡಿ. ಟೈಲರ್, ಗಾಣದೆಣ್ಣೆ ಮಾರುವವರು, ಟ್ಯೂಷನ್ ಟೀಚರ್, ಯಾರಾದರೂ ಸರಿ. ಗಿರಾಕಿಯ ತೊಂದರೆ ಏನು ಅಂತ ಒಂದೇ ವಾಕ್ಯದಲ್ಲಿ ಬರೆಯಿರಿ. ಆ ವಾಕ್ಯ ಬರದೆ ಹೆಡ್‌ಲೈನ್‌ಗೆ ಕೈ ಹಾಕಬೇಡಿ. ಬಂದಮೇಲೆ ಮೂವತ್ತು ಹೆಡ್‌ಲೈನ್ ಬರೆದು ಇಪ್ಪತ್ತೇಳನ್ನು ಹರಿದು ಹಾಕಿ.

ದೊಡ್ಡ ಬ್ರಾಂಡ್ ಬೇಕೇ ಬೇಕು ಅನ್ನುವವರಿಗೆ ನಾನು ಕೊಡುವ ಲೆಕ್ಕ ಮೈಸೂರ್ ಸ್ಯಾಂಡಲ್ ಸೋಪು. 1916ರಲ್ಲಿ ಮೈಸೂರು ಸಂಸ್ಥಾನ ಶುರುಮಾಡಿದ ಕಾರ್ಖಾನೆಯ ಸೋಪು. ಶ್ರೀಗಂಧದೆಣ್ಣೆ, ಮೊಟ್ಟೆಯಾಕಾರ, ಡಬ್ಬಿ ಮೇಲೆ ಆನೆ ತಲೆ ಸಿಂಹದ ಮೈಯ ಶರಭ, ಎಲ್ಲ ಇದೆ. ಆದರೆ ಹಾಸ್ಟೆಲ್ ಹುಡುಗನ ಬಾಯಲ್ಲಿ ಅದು ‘ಅಜ್ಜಿ ಸೋಪು’. 2025ರಲ್ಲಿ ನಟಿ ತಮನ್ನಾ ಅವರನ್ನು ರಾಯಭಾರಿ ಮಾಡಿದಾಗ ರಾಜ್ಯವೆಲ್ಲ ಜಗಳವಾಡಿತು. ನಿಮ್ಮ ಲೆಕ್ಕ ಇಷ್ಟೇ: ಯಾವ ತಾರೆಯೂ ಇಲ್ಲದೆ ಆ ಹುಡುಗ ಕೈಯಾರೆ ಆ ಸೋಪನ್ನು ಎತ್ತಿಕೊಳ್ಳುವ ಹಾಗೆ ಮಾಡಿ. ‘ಅಜ್ಜಿ’ಯನ್ನು ಮುಚ್ಚಿಡುತ್ತೀರೋ, ಮುಂದಕ್ಕೆ ತರುತ್ತೀರೋ? ನಾನಾದರೆ ಮುಂದಕ್ಕೆ ತರುತ್ತೇನೆ. ಇದಾದಮೇಲೆ ಲಂಡನ್ನಿನ ಡಿ ಅಂಡ್ ಎಡಿ ಸಂಸ್ಥೆಯ ‘ನ್ಯೂ ಬ್ಲಡ್’ ವಿದ್ಯಾರ್ಥಿ ಸ್ಪರ್ಧೆಯ ಬ್ರೀಫ್‌ಗಳನ್ನು, ಅಂದರೆ ಯಾರಿಗೆ ಏನು ಹೇಳಬೇಕು ಅಂತ ಬರೆದುಕೊಡುವ ಕೆಲಸದ ವಿವರಗಳನ್ನು ಓದಿ. ಸ್ಪರ್ಧಿಸದಿದ್ದರೂ ಪರವಾಗಿಲ್ಲ, ಬ್ರೀಫ್ ಹೇಗಿರುತ್ತದೆ ಅಂತಾದರೂ ಗೊತ್ತಾಗುತ್ತದೆ.

ಚಿತ್ರ ಬರೆಯಲು ಬರುವುದಿಲ್ಲ ಅಂತ ಕೊರಗಬೇಡಿ, ಬರುವವರನ್ನು ಹುಡುಕಿ. ಬರೆಯುವವರನ್ನೂ ಚಿತ್ರದವರನ್ನೂ ಜೋಡಿ ಮಾಡಿ ಒಟ್ಟಿಗೆ ಕೂರಿಸುವ ಪದ್ಧತಿಯನ್ನು ನ್ಯೂಯಾರ್ಕಿನಲ್ಲಿ ಬಿಲ್ ಬರ್ನ್‌ಬ್ಯಾಕ್ ಎಂಬ ಜಾಹೀರಾತುಗಾರ ಗಟ್ಟಿ ಮಾಡಿದ ಮೇಲೆ ಏಜೆನ್ಸಿಗಳು ಅದನ್ನು ಬಿಟ್ಟಿಲ್ಲ. ಬೆಂಗಳೂರಿನಲ್ಲಿ ಜನವರಿಯ ಚಿತ್ರಸಂತೆಯಲ್ಲಿ ಕುಮಾರಕೃಪಾ ರಸ್ತೆಯುದ್ದಕ್ಕೂ ನಡೆಯಿರಿ, ಇಲ್ಲವೆ ಮೈಸೂರಿನ ಕಾವಾ ಕಲಾ ಕಾಲೇಜಿನ ಕ್ಯಾಂಟೀನಿನಲ್ಲಿ ಒಂದು ಕಾಫಿ ಕುಡಿಯಿರಿ. ನಿಮ್ಮ ಐಡಿಯಾ ಕೇಳಿ ‘ಚೆನ್ನಾಗಿಲ್ಲ’ ಎಂದು ಮುಖಕ್ಕೇ ಹೇಳುವ ಕಲಾವಿದ ಸಿಕ್ಕರೆ ಬಿಡಬೇಡಿ.

ಇನ್ನು ಕನ್ನಡ. ಬೆಂಗಳೂರಿನಲ್ಲಿ ಕನ್ನಡ ಕಾಪಿರೈಟರ್‌ಗೆ ಹೆಚ್ಚಾಗಿ ಫೋನ್ ಬರುವುದು ಎಲ್ಲ ಮುಗಿದಮೇಲೆ. ಹಿಂದಿ ಸ್ಕ್ರಿಪ್ಟ್ ಓಕೆ ಆಗಿರುತ್ತದೆ, ಶೂಟಿಂಗೂ ಆಗಿರುತ್ತದೆ, ‘ಸಂಜೆಯೊಳಗೆ ಕನ್ನಡ ಮಾಡಿಕೊಡಿ’ ಅನ್ನುತ್ತಾರೆ. ‘ಪಡೆಯಿರಿ ಹೊಳೆಯುವ ತ್ವಚೆ’ ಹುಟ್ಟುವುದು ಹೀಗೆ. ಯಾರ ಮನೆಯಲ್ಲಿ ಕ್ರಿಯಾಪದ ಹೀಗೆ ಮೊದಲೇ ಬಂದು ಕೂರುತ್ತದೆ? ಯಾರ ತಾಯಿ ಮಗಳಿಗೆ ‘ತ್ವಚೆ’ ಅಂದಿದ್ದಾಳೆ? ಮೂವತ್ತು ಸೆಕೆಂಡಿನ ಹಿಂದಿಯನ್ನು ಪದಕ್ಕೆ ಪದ ಇಳಿಸಿ ನಾನೇ ಮೂವತ್ತೆಂಟು ಸೆಕೆಂಡ್ ಮಾಡಿ ರೆಕಾರ್ಡಿಂಗ್ ಸ್ಟುಡಿಯೊದಲ್ಲಿ ಬೈಸಿಕೊಂಡಿದ್ದೇನೆ. ಹಾಗಾಗಿ ಈಗಿನಿಂದಲೇ ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದುವುದನ್ನು ರೂಢಿ ಮಾಡಿಕೊಳ್ಳಿ. ‘ಉಪಯೋಗಿಸುವುದರಿಂದ’ ಅನ್ನುವ ಒಂದು ಪದ ಎಷ್ಟು ಹೊತ್ತು ನುಂಗುತ್ತದೆ ನೋಡಿ. ಟಿವಿಯಲ್ಲಿ ಬರುವ ಡಬ್ಬಿಂಗ್ ಜಾಹೀರಾತುಗಳನ್ನು ಕನ್ನಡದಲ್ಲೇ ಹುಟ್ಟಿದ ಹಾಗೆ ತಿದ್ದಿ ಬರೆಯಿರಿ. ಅದೇ ಸಾಲನ್ನು ಹುಬ್ಬಳ್ಳಿಯವರ ಬಾಯಲ್ಲಿ ಹೇಳಿಸಿ, ಮಂಗಳೂರಿನವರ ಬಾಯಲ್ಲಿ ಹೇಳಿಸಿ, ಎಲ್ಲಿ ಒಡೆಯುತ್ತದೆ ಅಂತ ಕೇಳಿಸಿಕೊಳ್ಳಿ.

ಅಂಗಡಿ ಬೋರ್ಡುಗಳ ಫೋಟೊ ಕೂಡಿಡಿ. ‘ಇಂದು ನಗದು, ನಾಳೆ ಸಾಲ’ ಬರೆದವರು ಯಾರೋ, ನಾನು ಇಲ್ಲಿವರೆಗೆ ಅದಕ್ಕಿಂತ ಒಳ್ಳೆಯ ಕನ್ನಡ ಕಾಪಿ ಬರೆದಿಲ್ಲ. ಗಿರಾಕಿಗೆ ಇಲ್ಲ ಅಂದಿದೆ, ಆದರೆ ಗಿರಾಕಿ ನಗುತ್ತಾನೆ. ನಾಳೆ ಬಂದರೂ ಬೋರ್ಡು ಅಲ್ಲೇ ಇರುತ್ತದೆ.

ಡಿಗ್ರಿಯ ಮೂರನೇ ವರ್ಷಕ್ಕೆ ಬಂದಾಗ ಆರು ಕೆಲಸ ಇದ್ದರೆ ಸಾಕು, ಹಗುರವಾದ ಒಂದು ಪಿಡಿಎಫ್ ಮಾಡಿ. ಪ್ರತಿ ಕೆಲಸದ ಪಕ್ಕ ಆ ಒಂದು ವಾಕ್ಯದ ತೊಂದರೆ ಇರಲಿ. ಅತ್ಯುತ್ತಮವಾದದ್ದು ಮೊದಲ ಪುಟದಲ್ಲಿರಲಿ, ನನ್ನ ಹಾಗೆ ಕೊನೆಯಲ್ಲಿಡಬೇಡಿ. ಮೇಲ್ ಕಳಿಸಿ ಹತ್ತು ದಿನಕ್ಕೆ ಉತ್ತರ ಬರದಿದ್ದರೆ ಹೊಸ ಕೆಲಸವೊಂದನ್ನು ಸೇರಿಸಿ ಮತ್ತೆ ಕಳಿಸಿ. ಇಂಟರ್ನ್‌ಶಿಪ್‌ಗೆ ಕರೆದರೆ ಸ್ಟೈಪೆಂಡ್ ಎಷ್ಟು ಅಂತ ಮೊದಲ ದಿನವೇ ಕೇಳಿ. ಸಂಕೋಚಪಟ್ಟು ಮೂರು ತಿಂಗಳು ಪುಕ್ಕಟೆ ದುಡಿದವಳು ಹೇಳುತ್ತಿದ್ದೇನೆ.

ಮತ್ತೆ, ಬರೆದದ್ದನ್ನು ಅಂಗಡಿಯವರಿಗೆ ತೋರಿಸದೆ ಪಿಡಿಎಫ್‌ಗೆ ಹಾಕಬೇಡಿ. ನಮ್ಮ ಪಂಕ್ಚರ್ ಅಂಗಡಿಯವರು ಬೋರ್ಡನ್ನು ದೂರ ಹಿಡಿದು, ಹತ್ತಿರ ಹಿಡಿದು, ಎರಡು ಸಲ ಓದಿ ಹೇಳಿದ್ದು: ‘ಎಲ್ಲ ಸರಿ ಕಣಮ್ಮ, ಫೋನ್ ನಂಬರ್ ಇನ್ನೊಸಿ ದೊಡ್ಡದು ಮಾಡು.’