ಬೋರ್ಡಿನ ವೇಗ, ರಸ್ತೆಯ ವೇಗ: ಹೊಣೆ ಯಾರದೆಂದು ಅಳೆದು ತಿಳಿಯುವ ಬಗೆ

ಅಪಘಾತವಾದ ಕಡೆ ಮೊದಲು ಕೇಳಿಬರುವ ಮಾತು "ತಪ್ಪು ಯಾರದು?" ಎಂಬುದೇ. ಆದರೆ ಅದಕ್ಕೆ ಉತ್ತರ ಹುಡುಕಲು ಅಪಘಾತದವರೆಗೆ ಕಾಯಬೇಕಿಲ್ಲ. ಅಳತೆ ಟೇಪು, ಮೊಬೈಲು, ಇಬ್ಬರು ಜನ, ಎರಡು ಗಂಟೆ ಬಿಡುವು ಇಷ್ಟಿದ್ದರೆ ಸಾಕು. ಒಂದು ರಸ್ತೆಯಲ್ಲಿ ಗಾಡಿಗಳು ನಿಜಕ್ಕೂ ಎಷ್ಟು ವೇಗದಲ್ಲಿ ಓಡುತ್ತಿವೆ, ಅದಕ್ಕೆ ಹೊಣೆ ಚಾಲಕನೋ, ರಸ್ತೆ ಕಟ್ಟಿದವರೋ, ಮಿತಿ ನಿಗದಿ ಮಾಡಿದವರೋ ಎಂಬುದನ್ನು ಅಂಕಿಗಳೇ ಹೇಳುತ್ತವೆ.

ಮೊದಲು ವೇಗ ಅಳೆಯಿರಿ

ತಿರುವು, ಸಿಗ್ನಲ್, ಹಂಪು ಹತ್ತಿರವಿಲ್ಲದ ನೇರ ಜಾಗ ಆರಿಸಿ. ರಸ್ತೆ ಪಕ್ಕದ ಎರಡು ಗುರುತುಗಳ ನಡುವೆ, ಉದಾಹರಣೆಗೆ ಒಂದು ದೀಪದ ಕಂಬದಿಂದ ಒಂದು ಗೇಟಿನವರೆಗೆ, 50 ಮೀಟರ್ ಅಳೆದುಕೊಳ್ಳಿ. ಟೇಪು ಹಿಡಿದು ರಸ್ತೆಗೆ ಇಳಿಯಬೇಡಿ, ಅಂಚಿನಲ್ಲೇ ಅಳೆಯಿರಿ. ಗಾಡಿಯ ಮುಂದಿನ ಚಕ್ರ ಮೊದಲ ಗುರುತು ದಾಟಿದಾಗಿನಿಂದ ಎರಡನೆಯದನ್ನು ದಾಟುವವರೆಗಿನ ಸೆಕೆಂಡು ಹಿಡಿಯಿರಿ. 180ನ್ನು ಆ ಸೆಕೆಂಡಿನಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿ.ಮೀ. ಎಂದು ಸಿಗುತ್ತದೆ. 6 ಸೆಕೆಂಡಾದರೆ 30, 3.6 ಆದರೆ 50, 3 ಆದರೆ 60.

ಲೆಕ್ಕ ಹದಗೆಡುವುದು ಮುಖ್ಯವಾಗಿ ಮೂರು ಕಡೆ. ಒಂದೇ ತುದಿಯಲ್ಲಿ ನಿಂತು ಇನ್ನೊಂದು ಗುರುತನ್ನು ಓರೆಯಾಗಿ ನೋಡಿದರೆ ಗಾಡಿ ಯಾವಾಗ ದಾಟಿತೆಂದು ಸರಿಯಾಗಿ ತಿಳಿಯುವುದಿಲ್ಲ. ಹತ್ತಿರದ ಮಾಳಿಗೆಯಿಂದ ಎರಡೂ ಗುರುತು ಕಾಣುವಂತೆ ವಿಡಿಯೋ ಹಿಡಿದು, ಆಮೇಲೆ ಚೌಕಟ್ಟು ಚೌಕಟ್ಟಾಗಿ ಎಣಿಸುವುದು ಇದಕ್ಕಿಂತ ಎಷ್ಟೋ ವಾಸಿ. ಸೆಕೆಂಡಿಗೆ 30 ಚೌಕಟ್ಟಿನ ವಿಡಿಯೋದಲ್ಲಿ 108 ಚೌಕಟ್ಟು ಎಂದರೆ 3.6 ಸೆಕೆಂಡು. ಎರಡನೆಯದು, ಮುಂದಿನ ಗಾಡಿಗೆ ಅಂಟಿಕೊಂಡು ಹೋಗುವವರನ್ನು ಲೆಕ್ಕಕ್ಕೆ ಹಿಡಿಯುವುದು. ಅವರ ವೇಗ ಅವರ ಆಯ್ಕೆಯಲ್ಲ, ಹಾಗಾಗಿ ಮುಂದೆ ರಸ್ತೆ ಖಾಲಿ ಇರುವ ಗಾಡಿಗಳನ್ನಷ್ಟೇ ಬರೆದುಕೊಳ್ಳಿ. ಮೂರನೆಯದು, ಎದ್ದು ಕಾಣುವ ಹಾಗೆ ಪುಸ್ತಕ ಹಿಡಿದು ನಿಲ್ಲುವುದು. ಕಂಡ ಕೂಡಲೇ ಎಲ್ಲರೂ ಬ್ರೇಕಿನ ಮೇಲೆ ಕಾಲಿಡುತ್ತಾರೆ.

100 ಗಾಡಿಗಳ ವೇಗ ಬರೆದು, ಕಡಿಮೆಯಿಂದ ಹೆಚ್ಚಿಗೆ ಜೋಡಿಸಿ. 50ನೇ ಗಾಡಿಯದು ನಡುವಣ ವೇಗ. 85ನೇ ಗಾಡಿಯದು ರಸ್ತೆ ಎಂಜಿನಿಯರುಗಳು ದಿನನಿತ್ಯ ಬಳಸುವ ಅಂಕಿ. ಇವೆರಡು ಸಾಕು.

ಆಮೇಲೆ ಕಣ್ಣಳತೆ

ಜನ ರಸ್ತೆ ದಾಟುವ ಜಾಗಕ್ಕೆ ಹೋಗಿ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ನೆಲದಿಂದ ಸುಮಾರು 1 ಮೀಟರ್ ಎತ್ತರದಿಂದ, ಅಂದರೆ ಮಗುವಿನ ಕಣ್ಣಿನಿಂದ ನೋಡಿ. ನಿಂತಾಗ ಕಾಣುತ್ತಿದ್ದ ರಸ್ತೆ ಎಷ್ಟೋ ಕಡೆ ಮಾಯವಾಗುತ್ತದೆ: ನಿಲ್ಲಿಸಿದ ಕಾರು, ಗಿಡದ ಪೊದೆ, ಜಾಹೀರಾತು ಫಲಕ ಅಡ್ಡ ಬರುತ್ತವೆ. ಗಾಡಿ ಕಣ್ಣಿಗೆ ಬಿದ್ದ ಕ್ಷಣದಿಂದ ನಿಮ್ಮ ಮುಂದೆ ಹಾಯುವವರೆಗೆ ಎಷ್ಟು ಸೆಕೆಂಡು ಎಂದು ಎಣಿಸಿ.

ಇದನ್ನು ದಾಟಲು ಬೇಕಾದ ಹೊತ್ತಿನ ಜೊತೆ ಹೋಲಿಸಿ. 7 ಮೀಟರ್ ಅಗಲದ ರಸ್ತೆಯನ್ನು ವಯಸ್ಸಾದವರು ದಾಟಲು ಸುಮಾರು 8 ಸೆಕೆಂಡು ಬೇಕು. ಅಷ್ಟರಲ್ಲಿ 50ರ ವೇಗದ ಗಾಡಿ 111 ಮೀಟರ್ ಬಂದಿರುತ್ತದೆ, 30ರ ವೇಗದ್ದು 67 ಮೀಟರ್. ಕಾಣುವ ದೂರ 70 ಮೀಟರ್ ಮಾತ್ರ ಇದ್ದರೆ, 50ರಲ್ಲಿ ಬರುವ ಗಾಡಿ ಅಜ್ಜಿ ರಸ್ತೆಗೆ ಕಾಲಿಟ್ಟಾಗ ಕಣ್ಣಿಗೇ ಬಿದ್ದಿರುವುದಿಲ್ಲ. "ನೋಡಿಕೊಂಡು ದಾಟಬೇಕಿತ್ತು" ಎಂದು ಆಕೆಯ ಮೇಲೆ ಹೊರಿಸುವುದು ಅನ್ಯಾಯ.

ನಿಲ್ಲುವ ದೂರದ ಲೆಕ್ಕವನ್ನೂ ಇಲ್ಲೇ ಮಾಡಿ. ಅಪಾಯ ಕಂಡು ಬ್ರೇಕ್ ಒತ್ತಲು 1.5 ಸೆಕೆಂಡು, ಒಣ ರಸ್ತೆ, ಒಳ್ಳೆಯ ಬ್ರೇಕು ಎಂದು ಹಿಡಿದರೆ, 30ರಲ್ಲಿರುವ ಕಾರು ಸುಮಾರು 17.5 ಮೀಟರಿಗೆ ನಿಲ್ಲುತ್ತದೆ. 50ರದ್ದು 35 ಮೀಟರಿಗೆ. ಈಗ 18 ಮೀಟರ್ ಮುಂದೆ ಮಗು ಚೆಂಡಿನ ಹಿಂದೆ ಓಡಿಬಂತು ಎನ್ನಿ. 30ರ ಕಾರು ಮಗುವಿನ ಮುಂದೆ ನಿಂತಿರುತ್ತದೆ. 50ರ ಕಾರಿನ ಚಾಲಕನ ಕಾಲು ಅಲ್ಲಿಗೆ ಬರುವಾಗ ಬ್ರೇಕನ್ನು ಮುಟ್ಟಿರುವುದೇ ಇಲ್ಲ, ಬ್ರೇಕಿಗೂ ಮೊದಲೇ ಅದು ಸುಮಾರು 21 ಮೀಟರ್ ಓಡುತ್ತದೆ. ಪೂರ್ತಿ 50ರ ವೇಗದಲ್ಲೇ ಡಿಕ್ಕಿ. ಮಳೆಯಲ್ಲಿ ಈ ದೂರಗಳೆಲ್ಲ ಇನ್ನಷ್ಟು ಉದ್ದವಾಗುತ್ತವೆ.

ಅಂಕಿ ಯಾರತ್ತ ಬೆರಳು ತೋರಿಸುತ್ತದೆ

ಮಿತಿ 30, 85ನೇ ಗಾಡಿ 33 ಎಂದಿಟ್ಟುಕೊಳ್ಳಿ. ಬಹುಪಾಲು ಜನ ಪಾಲಿಸುತ್ತಿದ್ದಾರೆ, ರಸ್ತೆಯೂ ಬೋರ್ಡೂ ಒಂದೇ ಮಾತಾಡುತ್ತಿವೆ. ಅಲ್ಲಿ 55ರಲ್ಲಿ ನುಗ್ಗುವವನ ತಪ್ಪು ಅವನದೇ, ಕೆಲಸ ಪೊಲೀಸರದು. ಸ್ಪೀಡೋಮೀಟರ್ ಕಡಿಮೆ ತೋರಿಸಿತು ಎಂಬ ನೆಪವೂ ನಡೆಯದು. ವಿಶ್ವಸಂಸ್ಥೆಯ 39ನೇ ನಿಯಮಾವಳಿಯ ಪ್ರಕಾರ ಅದು ನಿಜ ವೇಗಕ್ಕಿಂತ ಕಡಿಮೆ ತೋರಿಸುವಂತೆಯೇ ಇಲ್ಲ. ಕಂಪನಿ ಹೇಳಿದ್ದಕ್ಕಿಂತ ದೊಡ್ಡ ಟೈರು ಹಾಕಿಸಿದರೆ ಮಾತ್ರ ತಪ್ಪು ತೋರಿಸಬಹುದು, ಆ ಹೊಣೆ ಹಾಕಿಸಿದವನದು.

ನಡುವಣ ವೇಗವೇ 42 ಇದ್ದರೆ ಕಥೆ ಬೇರೆ. ಅರ್ಧಕ್ಕಿಂತ ಹೆಚ್ಚು ಮಂದಿ ಮಿತಿ ಮೀರುತ್ತಿದ್ದಾರೆ ಎಂದರೆ ಊರಿನ ಕೆಟ್ಟ ಚಾಲಕರೆಲ್ಲ ಆ ಒಂದು ರಸ್ತೆಗೆ ಬಂದು ಸೇರಿದ್ದಾರೆಂದಲ್ಲ. ಅಗಲವಾದ, ನೆಟ್ಟಗಿನ, ಎರಡೂ ಬದಿ ಬಯಲಾದ ರಸ್ತೆ "ಓಡಿಸು" ಎನ್ನುತ್ತಿದೆ, ಬೋರ್ಡು ಮಾತ್ರ "ನಿಧಾನ" ಎನ್ನುತ್ತಿದೆ. ರಸ್ತೆಯ ಒಡೆತನ ಯಾವ ಇಲಾಖೆಯದೋ ಹೊಣೆ ಅದರದು. ಬೋರ್ಡು ನೆಟ್ಟು ಕೈತೊಳೆದುಕೊಂಡರೆ ಹೊಣೆ ತೀರುವುದಿಲ್ಲ.

ಎಲ್ಲರೂ ಮಿತಿಯೊಳಗೇ ಇದ್ದು, ಮೇಲಿನ ಕಣ್ಣಳತೆಯಲ್ಲಿ ರಸ್ತೆ ಸೋತರೆ ಮಿತಿಯೇ ತಪ್ಪು. ಮನುಷ್ಯನ ಮೈ ತಡೆಯಬಲ್ಲ ಪೆಟ್ಟಿನಿಂದ ಮಿತಿ ಗೊತ್ತುಮಾಡುವ ಪದ್ಧತಿಯನ್ನು, 1997ರಲ್ಲಿ ಶೂನ್ಯ ಸಾವಿನ ಗುರಿಯನ್ನು ಸಂಸತ್ತಿನಲ್ಲೇ ಒಪ್ಪಿಕೊಂಡ ಸ್ವೀಡನ್ ಮುಂದೆ ತಂದಿತು. ನಡೆಯುವವರೂ ಗಾಡಿಗಳೂ ಬೆರೆಯುವಲ್ಲಿ 30, ಗಾಡಿಗಳು ಪಕ್ಕದಿಂದ ಬಡಿಯಬಹುದಾದ ಕೂಡುರಸ್ತೆಯಲ್ಲಿ 50, ಡಿವೈಡರ್ ಇಲ್ಲದೆ ಎದುರುಬದುರಾಗಿ ಬರುವಲ್ಲಿ 70. 2020ರ ಸ್ಟಾಕ್‌ಹೋಮ್ ಘೋಷಣೆಯೂ ಜನ ಬೆರೆಯುವಲ್ಲಿ 30 ಎಂದೇ ಹೇಳಿತು. "85ನೇ ಗಾಡಿ 50ರಲ್ಲಿದೆ, ಹಾಗಾಗಿ ಮಿತಿಯನ್ನೇ 50 ಮಾಡೋಣ" ಎಂಬ ವಾದ ಬಂದರೆ ಒಪ್ಪಬೇಡಿ. ಆ ಅಂಕಿ ರೋಗ ಗುರುತಿಸಲು ಸರಿ, ಮದ್ದು ಬರೆಯಲು ಅಲ್ಲ, ಏಕೆಂದರೆ ಅದರಲ್ಲಿ ನಡೆಯುವವರ ಲೆಕ್ಕವೇ ಇಲ್ಲ. ಸರಾಸರಿ ವೇಗ 5% ಏರಿದರೆ ಸಾವಿನ ಅಪಘಾತಗಳು ಸುಮಾರು 20% ಏರುತ್ತವೆ ಎಂಬುದು ಈ ಕ್ಷೇತ್ರದಲ್ಲಿ ಬಳಕೆಯಲ್ಲಿರುವ ಲೆಕ್ಕ.

ಮಿತಿ ಮೀರುವವರಲ್ಲಿ ಒಂದೇ ಬಗೆಯ ಗಾಡಿ, ಡೆಲಿವರಿ ಬೈಕೋ ಬಾಡಿಗೆ ಲಾರಿಯೋ, ಮತ್ತೆ ಮತ್ತೆ ಕಂಡರೆ ಅವರ ಮಾಲೀಕರು ಕೊಟ್ಟ ಗಡುವನ್ನೂ ಕೇಳಿ. 30ರ ವೇಗದಲ್ಲಿ ಮುಗಿಸಲಾಗದ ಗಡುವು ಕೊಟ್ಟವರಿಗೂ ಆ ವೇಗದಲ್ಲಿ ಪಾಲಿದೆ.

ಏನು ಕೇಳಬೇಕು

ಜನ ಮೊದಲು ಕೇಳುವುದು ಹಂಪು. ಕೇಳಿ, ಆದರೆ ಅಳತೆ ಹೇಳಿ ಕೇಳಿ. ಗಾಡಿ ಸಾಗುವ ದಿಕ್ಕಿನಲ್ಲಿ ಉದ್ದ 3.7 ಮೀಟರ್, ನಡುವೆ ಎತ್ತರ 10 ಸೆಂ.ಮೀ., ದುಂಡಗಿನ ಬೆನ್ನು. ಇದು ಬಹಳ ವರ್ಷಗಳಿಂದ ಪರೀಕ್ಷೆಗೊಳಗಾದ ಆಕಾರ. ರಾತ್ರೋರಾತ್ರಿ ಡಾಂಬರು ಸುರಿದು ಮಾಡುವ ಗಿಡ್ಡ, ಚೂಪು ದಿಬ್ಬದ ಮೇಲೆ ಕಾರು ಜೋರಾಗಿ ಹೋದರೆ ಕುಲುಕು ಕಡಿಮೆ, ಸ್ಪ್ರಿಂಗು ಅದನ್ನು ನುಂಗಿಬಿಡುತ್ತದೆ, ಬೀಳುವುದು ಬೈಕಿನವರು. ಒಂದೇ ಹಂಪು ಹಾಕಿದರೆ ದಾಟಿದ ಮೇಲೆ ಮತ್ತೆ ವೇಗ ಏರುತ್ತದೆ, ನೂರು ಮೀಟರಿನೊಳಗೆ ಇನ್ನೊಂದು ಬೇಕು. ಬಿಳಿ ಪಟ್ಟೆ, ಮುಂಚಿನ ಎಚ್ಚರಿಕೆ ಫಲಕ, ನೀರು ಹರಿಯಲು ದಾರಿ ಇವನ್ನು ಬಿಟ್ಟರೆ ಹಂಪೇ ಅಪಾಯವಾಗುತ್ತದೆ.

ದಾಟುವ ಜಾಗವನ್ನೇ ಫುಟ್‌ಪಾತಿನ ಮಟ್ಟಕ್ಕೆ ಎತ್ತುವುದು, ಗಾಡಿಯ ಸಾಲನ್ನು 3 ಮೀಟರಿಗೆ ಕಿರಿದಾಗಿಸುವುದು, ಮೂಲೆಯ ತಿರುವನ್ನು ಬಿಗಿ ಮಾಡುವುದು, ದಾಟುವಲ್ಲಿ ಪಾರ್ಕಿಂಗ್ ತೆಗೆಸುವುದು ಇನ್ನೂ ಒಳ್ಳೆಯವು. ಕೊನೆಯದಕ್ಕೆ ಹೆಚ್ಚು ಖರ್ಚೂ ಇಲ್ಲ.

ಅರ್ಜಿಯಲ್ಲಿ "ಇಲ್ಲಿ ಎಲ್ಲರೂ ಜೋರಾಗಿ ಓಡಿಸುತ್ತಾರೆ" ಎಂದು ಬರೆದರೆ ಅದು ಕಡತದಲ್ಲೇ ಮಲಗುತ್ತದೆ. ಹೀಗೆ ಬರೆಯಿರಿ: "ಶಾಲೆಯ ಗೇಟಿನ ಮುಂದೆ ಮಿತಿ 30. ಮಂಗಳವಾರ ಬೆಳಿಗ್ಗೆ 10ರಿಂದ 12ರವರೆಗೆ, ಒಣ ಹವೆಯಲ್ಲಿ ಅಳೆದ 100 ಗಾಡಿಗಳಲ್ಲಿ 63 ಮಿತಿ ಮೀರಿದ್ದವು. 85ನೇ ಗಾಡಿಯ ವೇಗ 47. ದಾಟುವಲ್ಲಿಂದ ಕಾಣುವ ದೂರ 60 ಮೀಟರ್. ಎತ್ತರಿಸಿದ ಕ್ರಾಸಿಂಗ್ ಬೇಕು." ಅಂಕಿಗಳು ನಿಮ್ಮವಿರಲಿ, ವಿಡಿಯೋ ಜೋಪಾನವಾಗಿಡಿ. ರಸ್ತೆಯ ಒಡೆತನದ ಇಲಾಖೆಗೆ ಮೂಲ ಪ್ರತಿ, ಸಂಚಾರ ಪೊಲೀಸರಿಗೆ ನಕಲು ಕೊಟ್ಟು, ಎರಡು ಕಡೆಯೂ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಮುಂದೆ ಅದೇ ಜಾಗದಲ್ಲಿ ಅನಾಹುತವಾದರೆ "ನಮಗೆ ಗೊತ್ತಿರಲಿಲ್ಲ" ಎನ್ನಲು ಆ ಮುದ್ರೆ ಬಿಡುವುದಿಲ್ಲ.

ಕೆಲಸವಾದ ವಾರದಲ್ಲೇ ಮರು ಅಳತೆ ಮಾಡಬೇಡಿ, ಹೊಸದಕ್ಕೆ ಹೆದರಿ ಎಲ್ಲರೂ ನಿಧಾನವಾಗಿರುತ್ತಾರೆ. ಮೂರು ತಿಂಗಳು ಬಿಟ್ಟು, ವಾರದ ಅದೇ ದಿನ, ಅದೇ ಹೊತ್ತು, ಅದೇ ಎರಡು ಗುರುತುಗಳ ನಡುವೆ ಮತ್ತೆ 100 ಗಾಡಿ ಅಳೆಯಿರಿ. 85ನೇ ಅಂಕಿ ಇಳಿದಿಲ್ಲವಾದರೆ ಎರಡೂ ಪಟ್ಟಿಗಳನ್ನು ಅಕ್ಕಪಕ್ಕ ಲಗತ್ತಿಸಿ ಎರಡನೇ ಅರ್ಜಿ ಕೊಡಿ.